ಬಚ್ಚಲು ಕೆಳಗಿಳಿದು ಬಂತು

ಸ್ಟ್ರೋಕ್ ಆಗಿ ನಮ್ಮೆಜಮಾನರ ಎಡಗೈ, ಎಡಗಾಲು ಸೋತವು. ಇಂಗ್ಲೆಂಡಿನಲ್ಲಿ ನಮ್ಮದು ಹಳೇ ಕಾಲದ ಮನೆ, ಬಚ್ಚಲು ಮಹಡಿ ಮೇಲೆ. ಹದಿಮೂರು ಮೆಟ್ಟಿಲು ಹತ್ತುವ ಮಾತೇ ಇರಲಿಲ್ಲ. ಅಡುಗೆಮನೆಯಲ್ಲಿ ಸ್ಟೂಲ್ ಹಾಕಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದೆ.

ಗಾಬರಿಯಲ್ಲಿ ಬಿಲ್ಡರ್‌ಗೆ ಅಡ್ವಾನ್ಸ್ ಕೊಡಲು ಹೊರಟಿದ್ದೆ. ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ರೋಗಿಗಳಿಗೆ ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ತಡೆದರು: "ಒಂದು ಟೈಲ್ ಕೂಡ ಕೀಳಿಸಬೇಡಿ." ಕೌನ್ಸಿಲ್ (ಸ್ಥಳೀಯ ಆಡಳಿತ) ಮಂಜೂರು ಮಾಡುವ ಮೊದಲೇ ಕೆಲಸ ಶುರುವಾದರೆ ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್, ಅಂದರೆ ಅಂಗವಿಕಲರಿಗೆ ತಕ್ಕಂತೆ ಮನೆ ಮಾರ್ಪಡಿಸಲು ಸಿಗುವ ಸಹಾಯಧನ, ಕೈತಪ್ಪಬಹುದು. ಇಂಗ್ಲೆಂಡಿನಲ್ಲಿ ಅದರ ಮಿತಿ 30,000 ಪೌಂಡ್, ಸಣ್ಣ ದುಡ್ಡಲ್ಲ.

ಅವರೇ ಮನೆಗೆ ಬಂದು ಟೇಪ್ ಹಿಡಿದು ಅಳೆದರು. "ಹೇಗೆ ಸ್ನಾನ ಮಾಡಿ ಅಭ್ಯಾಸ?" ಅಂತ ಕೇಳಿದರು. ಇವರು ನಾಚಿಕೊಂಡು, "ಬಕೆಟ್ಟು, ಚೊಂಬು" ಅಂದರು. ಆಕೆ ನಗಲಿಲ್ಲ. ಖಾಲಿ ಚೊಂಬು ಕೊಟ್ಟು, ಕೂತು ತೋರಿಸಿ ಅಂದರು. ಬಲಗೈ ಎಲ್ಲಿವರೆಗೆ ಚಾಚುತ್ತದೆ ನೋಡಿ, ನಲ್ಲಿ ಬಲಕ್ಕೆ, ಮಡಚುವ ಸೀಟು ಗೋಡೆಗೆ ಅಂತ ಬರೆದುಕೊಂಡರು.

ಆಮೇಲೆ ಆದಾಯದ ಲೆಕ್ಕ. ಇವರದು, ನನ್ನದು ಮಾತ್ರ. ದುಡಿಯುವ ಮಗನ ಸಂಬಳ ಕೇಳಲೇ ಇಲ್ಲ. ಅಂಗವಿಕಲ ಮಗುವಿಗಾಗಿ ಅರ್ಜಿ ಹಾಕಿದರೆ ಈ ಪರೀಕ್ಷೆಯೇ ಇಲ್ಲವಂತೆ. ಸ್ವಂತ ಮನೆಯವರಿಗೆ ಒಂದು ಕೊಕ್ಕೆ ಇದೆ. ಗ್ರಾಂಟ್ 5,000 ಪೌಂಡ್ ದಾಟಿದರೆ, 10 ವರ್ಷದೊಳಗೆ ಮನೆ ಮಾರಿದಾಗ ಕೌನ್ಸಿಲ್ 10,000 ಪೌಂಡ್‌ವರೆಗೆ ವಾಪಸ್ ಕೇಳಬಹುದು. ನಾವೆಲ್ಲಿಗೆ ಹೋಗೋದು ಅಂತ ಸಹಿ ಹಾಕಿದೆ.

ಸೋರುವ ಮಾಡನ್ನೂ ಇದರಲ್ಲೇ ಸೇರಿಸಿ ಅಂತ ಕೇಳಿ ನೋಡಿದೆ. ಆಗಲ್ಲ ಅಂದರು. ದುರಸ್ತಿಗೆ ಸಹಾಯ ಆಯಾ ಕೌನ್ಸಿಲ್‌ನ ಮರ್ಜಿ. ನಮ್ಮದು ಸಾಲ ಕೊಡಲು ಮುಂದೆ ಬಂತು, ನಾವೇ ಬೇಡ ಅಂದೆವು.

ಕಾಯುವುದೇ ಕಷ್ಟ. ಕೌನ್ಸಿಲ್ 6 ತಿಂಗಳಲ್ಲಿ ಉತ್ತರ ಕೊಡಬೇಕು ಅಂತ ಕಾನೂನಿದೆ. ಆದರೆ ಪೂರ್ತಿ ಅರ್ಜಿ ಕೊಟ್ಟ ದಿನದಿಂದ ಆ ಲೆಕ್ಕ. ಥೆರಪಿಸ್ಟ್‌ಗಾಗಿ ಕಾದ ತಿಂಗಳುಗಳು ಅದರಲ್ಲಿ ಬರುವುದಿಲ್ಲ. ಅದು ಗೊತ್ತಿಲ್ಲದೆ ಸುಮ್ನೆ ಕೂತಿದ್ದೆ. ಗೊತ್ತಾದ ಮೇಲೆ ಎರಡು ಕೊಟೇಶನ್, ಮನೆಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಒಟ್ಟಿಗೆ ಕೊಟ್ಟು, ತಲುಪಿದ್ದಕ್ಕೆ ತಾರೀಖು ಹಾಕಿಸಿಕೊಂಡೆ. ಕೊಟೇಶನ್ನಿನಲ್ಲಿ ಬಿಲ್ಡರ್ 20% ವ್ಯಾಟ್ ಸೇರಿಸಿದ್ದ. ಇಂಥ ಬಚ್ಚಲಿಗೆ ವ್ಯಾಟ್ ಸೊನ್ನೆ. ಒಂದು ಘೋಷಣಾ ಪತ್ರ ಬರೆದುಕೊಟ್ಟು ತೆಗೆಸಿದೆ.

ಮೆಟ್ಟಿಲ ಕೆಳಗಿನ ಸಾಮಾನು ಕೋಣೆ ಈಗ ಬಚ್ಚಲು. ಹೊಸಿಲಿಲ್ಲ, ನೀರು ಇಳಿಯಲು ನೆಲವೇ ತುಸು ಓರೆ. ಶವರ್ ಇದೆ. ಇವರು ಸೀಟಿನ ಮೇಲೆ ಕೂತು ಚೊಂಬಿನಲ್ಲೇ ಹೊಯ್ದುಕೊಳ್ಳುತ್ತಾರೆ.