ಹ್ಯಾಡ್, ಹ್ಯಾವ್ ಮತ್ತು ನಮ್ಮ ‘ಹೋಗಿದ್ದೆ’: ಇಂಗ್ಲಿಷ್ ಕಾಲಗಳು ನನಗೆ ಒಲಿದ ಬಗೆ

ಇಂಗ್ಲಿಷ್ ಮಾತಾಡಲು ಬರುತ್ತದೆ, ಮೇಲ್ ಬರೆಯಲು ಬರುತ್ತದೆ, ಕೆಲಸ ಹೇಗೂ ನಡೆಯುತ್ತದೆ, ಆದರೆ ‘ಡಿಡ್’ ಬರೆಯಬೇಕಾ ‘ಹ್ಯಾವ್ ಡನ್’ ಬರೆಯಬೇಕಾ ಅನ್ನುವಲ್ಲಿ ಕೈ ನಿಂತುಬಿಡುತ್ತದೆ. ಈ ಹಂತದಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ತೀರ್ಥಹಳ್ಳಿ ಕಡೆಯವನು, ಓದಿದ್ದು ಕನ್ನಡ ಮಾಧ್ಯಮ. ಈಗ ಶಿವಮೊಗ್ಗದಲ್ಲಿ ಕೂತು ಅಡಿಕೆ ತೋಟಗಳ ಬಗ್ಗೆ ಇಂಗ್ಲಿಷಿನಲ್ಲಿ ವರದಿ ಬರೆಯುವುದೇ ನನ್ನ ಕೆಲಸ. ವರದಿಯನ್ನು ಓದುವವರು ತೋಟ ನೋಡಿದವರಲ್ಲ. ಯಾವುದು ಮೊದಲು ಆಯ್ತು, ಯಾವುದು ಇನ್ನೂ ನಡೀತಿದೆ ಅನ್ನೋದು ಅವರಿಗೆ ಕ್ರಿಯಾಪದದಿಂದಲೇ ಗೊತ್ತಾಗಬೇಕು.

ಶಾಲೆಯಲ್ಲಿ ಇಂಗ್ಲಿಷ್ ಕಾಲಗಳ ಹನ್ನೆರಡು ಮನೆಯ ಕೋಷ್ಟಕ ಬಾಯಿಪಾಠ ಮಾಡಿಸುತ್ತಾರಲ್ಲ, ಅದು ರೂಪ ಕಲಿಸುತ್ತದೆ ಅಷ್ಟೇ. ಯಾವಾಗ ಯಾವುದು ಅನ್ನೋದಕ್ಕೆ ನನಗೆ ಉಪಯೋಗಕ್ಕೆ ಬಂದಿದ್ದು ಬೇರೆ ದಾರಿ: ನನ್ನ ಕನ್ನಡ ಎಲ್ಲಿ ಇಂಗ್ಲಿಷಿನ ಜೊತೆ ಸೇರುತ್ತದೆ, ಎಲ್ಲಿ ಬೇರೆಯಾಗುತ್ತದೆ ಅಂತ ನೋಡುವುದು.

ಬೇರೆಯಾಗುವ ಮುಖ್ಯ ಜಾಗ ‘ಹ್ಯಾಡ್’. ನಾವು ‘ಹೋದ ವರ್ಷ ಜೋಗಕ್ಕೆ ಹೋಗಿದ್ದೆ’ ಅನ್ನುತ್ತೇವೆ. ಹೋಗಿ ಬಂದಾಯ್ತು, ಆ ವಿಷಯ ಮುಗೀತು ಅನ್ನೋ ಧ್ವನಿ ಅದರಲ್ಲಿದೆ. ಅದೇ ಗುಂಗಿನಲ್ಲಿ ‘ಐ ಹ್ಯಾಡ್ ಗಾನ್ ಟು ಜೋಗ್ ಲಾಸ್ಟ್ ಇಯರ್’ ಅಂತ ಬರುತ್ತದೆ. ಇಂಗ್ಲಿಷಿಗೆ ಅಲ್ಲಿ ‘ಐ ವೆಂಟ್’ ಸಾಕು. ಇದು ನಮ್ಮ ದೇಶದ ಇಂಗ್ಲಿಷ್, ತಪ್ಪೇನು ಅಂತ ಕೇಳುವವರಿದ್ದಾರೆ. ನಮ್ಮ ನಮ್ಮೊಳಗೆ ಏನೂ ತೊಂದರೆ ಇಲ್ಲ. ಆದರೆ ಹೊರಗಿನವರು ‘ಹ್ಯಾಡ್ ಗಾನ್’ ಓದಿದರೆ, ಸರಿ, ಯಾವುದಕ್ಕಿಂತ ಮುಂಚೆ ಹೋಗಿದ್ದು ಅಂತ ಮುಂದಿನ ವಾಕ್ಯಕ್ಕೆ ಕಾಯುತ್ತಾರೆ. ಅಲ್ಲಿ ಏನೂ ಇರುವುದಿಲ್ಲ. ಅದಕ್ಕೇ ವರದಿ ಮುಗಿದ ಮೇಲೆ ನಾನು ಕಂಪ್ಯೂಟರಿನಲ್ಲಿ ‘ಹ್ಯಾಡ್’ ಅಂತ ಹುಡುಕಿ ಒಂದೊಂದನ್ನೇ ನೋಡುತ್ತೇನೆ. ಪಕ್ಕದಲ್ಲಿ ಅದಕ್ಕಿಂತ ಆಮೇಲೆ ಆದ ಇನ್ನೊಂದು ಘಟನೆ ಇದ್ದರೆ ಉಳಿಸುತ್ತೇನೆ, ಇಲ್ಲದಿದ್ದರೆ ಸಾದಾ ಭೂತಕಾಲ ಮಾಡುತ್ತೇನೆ.

‘ಹ್ಯಾಡ್’ ನಿಜವಾಗಿ ಬೇಕಾಗುವುದು ಎಲ್ಲಿ ಅಂತ ನನಗೆ ಮನದಟ್ಟಾಗಿದ್ದು ಕೊಳೆ ರೋಗದ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗದ, ವರದಿಗಳಲ್ಲಿ. ಮಲೆನಾಡಿನವರಿಗೆ ಗೊತ್ತಿರುತ್ತದೆ, ಮಳೆಗಾಲ ಹಿಡಿಯುವ ಮೊದಲು ಗೊನೆಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಬೇಕು, 40-45 ದಿನ ಬಿಟ್ಟು ಇನ್ನೊಂದು ಸಲ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಈಗ ಈ ವಾಕ್ಯ ನೋಡಿ. ‘ವೆನ್ ದ ರೇನ್ಸ್ ಕೇಮ್, ವಿ ಸ್ಪ್ರೇಡ್’ ಅಂದರೆ ಮಳೆ ಬಂತು, ಆಮೇಲೆ ಹೊಡೆದರು. ‘ವಿ ಹ್ಯಾಡ್ ಸ್ಪ್ರೇಡ್’ ಅಂದರೆ ಮಳೆ ಬರುವಷ್ಟರಲ್ಲಿ ಹೊಡೆದು ಮುಗಿದಿತ್ತು. ‘ವಿ ವರ್ ಸ್ಪ್ರೇಯಿಂಗ್’ ಅಂದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಇನ್ನೂ ಮರದ ಮೇಲಿದ್ದಾನೆ, ಅರ್ಧ ತೋಟ ಬಾಕಿ ಇದೆ. ‘ವಿ ಹ್ಯಾಡ್ ಬೀನ್ ಸ್ಪ್ರೇಯಿಂಗ್ ಫಾರ್ ಟೂ ಡೇಸ್’ ಅಂದರೆ ಮಳೆ ಬರುವ ಹೊತ್ತಿಗೆ ಎರಡು ದಿನದಿಂದ ಕೆಲಸ ನಡೆದಿತ್ತು. ಆ ವರ್ಷ ಕೊಳೆ ಯಾಕೆ ಬಂತು ಅನ್ನೋದಕ್ಕೆ ಉತ್ತರ ಈ ನಾಲ್ಕರಲ್ಲಿ ಯಾವುದನ್ನು ಬರೆದಿದ್ದೀರಿ ಅನ್ನೋದರಲ್ಲೇ ಇರುತ್ತದೆ. ನಿಮ್ಮ ಕೆಲಸದಲ್ಲೂ ಇಂಥ ಒಂದು ಸಂದರ್ಭ ಖಂಡಿತ ಸಿಗುತ್ತದೆ, ಅದನ್ನು ಹಿಡಿದುಕೊಂಡು ನಾಲ್ಕೂ ರೂಪ ಬರೆದು ನೋಡಿ. ಪುಸ್ತಕದ ಜಾನ್, ಮೇರಿ ವಾಕ್ಯಗಳಿಗಿಂತ ಇದು ಬೇಗ ತಲೆಗೆ ಹತ್ತುತ್ತದೆ.

‘ಹ್ಯಾವ್’ ವಿಷಯಕ್ಕೆ ಬಂದರೆ ಕನ್ನಡ ನಮಗೆ ಅರ್ಧ ದಾರಿ ಸಹಾಯ ಮಾಡುತ್ತದೆ. ‘ಅವನು ಸಾಗರಕ್ಕೆ ಹೋಗಿದ್ದಾನೆ’ ಅಂದರೆ ಇನ್ನೂ ಬಂದಿಲ್ಲ. ‘ಹ್ಯಾಸ್ ಗಾನ್’ ಕೂಡ ಹಾಗೇ. ಹೋಗಿ ಬಂದ ಅನುಭವ ಇದೆ ಅನ್ನಲು ‘ಹ್ಯಾಸ್ ಬೀನ್ ಟು ಸಾಗರ’. ಆದರೆ ನಾವು ‘ನಿನ್ನೆ ಕಳಿಸಿದ್ದೇನೆ’ ಅಂತ ಆರಾಮಾಗಿ ಹೇಳುತ್ತೇವಲ್ಲ, ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’ ಬಂದ ಕೂಡಲೇ ‘ಹ್ಯಾವ್’ ಹೋಗಬೇಕು: ‘ಐ ಸೆಂಟ್ ಇಟ್ ಯೆಸ್ಟರ್‌ಡೇ’. ನಿನ್ನೆ ಮುಗಿದ ಕಾಲ, ‘ಹ್ಯಾವ್’ ಇವತ್ತಿನವರೆಗೆ ತೆರೆದಿರುವ ಕಾಲ. ಹೀಗೇ ‘20 ವರ್ಷದಿಂದ ಅಡಿಕೆ ಬೆಳೆಯುತ್ತಿದ್ದಾರೆ’ ಅನ್ನೋದಕ್ಕೆ ‘ಈಸ್ ಗ್ರೋಯಿಂಗ್ ಸಿನ್ಸ್ ಟ್ವೆಂಟಿ ಇಯರ್ಸ್’ ಅಂತ ಬರೆಯುವವರು ಜಾಸ್ತಿ. ಬೇಕಾಗಿರುವುದು ‘ಹ್ಯಾಸ್ ಬೀನ್ ಗ್ರೋಯಿಂಗ್ ಫಾರ್ ಟ್ವೆಂಟಿ ಇಯರ್ಸ್’. ‘ಗ್ರ್ಯೂ ಫಾರ್ ಟ್ವೆಂಟಿ ಇಯರ್ಸ್’ ಅಂದುಬಿಟ್ಟರೆ ಓದಿದವರು ಆ ರೈತರು ಅಡಿಕೆ ಬಿಟ್ಟೇಬಿಟ್ಟರು ಅಂದುಕೊಳ್ಳುತ್ತಾರೆ.

ಇದು ಕೈಗೆ ಹತ್ತಲು ನಾನು ಮಾಡಿದ್ದು ಸುಲಭದ ಕೆಲಸ. ಇಂಗ್ಲಿಷ್ ಪೇಪರಿನ ಒಂದು ಸುದ್ದಿ ತೆಗೆದುಕೊಂಡು ಕ್ರಿಯಾಪದಗಳನ್ನೆಲ್ಲ ಅಳಿಸಿ, ಮೂಲರೂಪ ಮಾತ್ರ ಇಟ್ಟು, ಮಾರನೇ ದಿನ ನಾನೇ ತುಂಬಿ ಮೂಲದ ಜೊತೆ ಹೋಲಿಸುವುದು. ಹೀಗೆ ಮಾಡುತ್ತಾ ಒಂದು ಜೋಡಣೆ ಕಣ್ಣಿಗೆ ಬಿತ್ತು. ಸುದ್ದಿಯ ಮೊದಲ ವಾಕ್ಯ ಎಷ್ಟೋ ಸಲ ‘ಹ್ಯಾಸ್’, ಆಮೇಲಿನ ವಿವರ ಸಾದಾ ಭೂತಕಾಲ. ಲಿಂಗನಮಕ್ಕಿ ‘ಹ್ಯಾಸ್ ರೀಚ್ಡ್’ 1,819 ಅಡಿ, ಅಂದರೆ ಡ್ಯಾಮ್ ತುಂಬಿತು, ಇದು ಈಗಿನ ಸ್ಥಿತಿ. ಆಮೇಲೆ ನೀರು ಯಾವಾಗ ಬಂತು, ಗೇಟ್ ಯಾವಾಗ ತೆಗೆದರು ಅನ್ನೋದೆಲ್ಲ ‘ರೋಸ್’, ‘ಓಪನ್ಡ್’. ಈಗ ನನ್ನ ವರದಿಯ ಪ್ಯಾರಾಗಳನ್ನೂ ಹೀಗೇ ಶುರು ಮಾಡುತ್ತೇನೆ.

ಭವಿಷ್ಯದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆಗುಂಬೆ ಘಾಟಿಯಲ್ಲಿ ಕಪ್ಪು ಮೋಡ ಕಂಡರೆ ‘ಇಟ್ಸ್ ಗೋಯಿಂಗ್ ಟು ರೇನ್’, ಈಗಷ್ಟೇ ನಿರ್ಧಾರ ಮಾಡಿದ್ದರೆ ‘ಐ ವಿಲ್’, ಮೊದಲೇ ಗೊತ್ತುಮಾಡಿಕೊಂಡ ಭೇಟಿ ಆದರೆ ‘ಐ ಆಮ್ ಮೀಟಿಂಗ್’, ತಾಳಗುಪ್ಪ ರೈಲಿನ ವೇಳಾಪಟ್ಟಿ ಹೇಳುವಾಗ ‘ಲೀವ್ಸ್’. ‘ಇಫ್’, ‘ವೆನ್’ ಆದಮೇಲೆ ಭವಿಷ್ಯದ ಮಾತು ಬಂದರೆ ‘ವಿಲ್’ ಹಾಕಬೇಡಿ, ‘ಇಫ್ ಇಟ್ ರೇನ್ಸ್’ ಸಾಕು.

ಇನ್ನೊಂದು ವಿಷಯ. ಅಮೆರಿಕದವರು ‘ಜಸ್ಟ್’, ‘ಆಲ್ರೆಡಿ’, ‘ಯೆಟ್’ ಜೊತೆ ಸಾದಾ ಭೂತಕಾಲವನ್ನೂ ಬಳಸುತ್ತಾರೆ. ‘ಡಿಡ್ ಯು ಈಟ್ ಯೆಟ್?’ ಅವರಲ್ಲಿ ಸಹಜ, ಬ್ರಿಟಿಷರು ‘ಹ್ಯಾವ್ ಯು ಈಟನ್ ಯೆಟ್?’ ಅನ್ನುತ್ತಾರೆ. ಎರಡನ್ನೂ ಕೇಳಿ ಗೊಂದಲ ಆಗುತ್ತಿದ್ದರೆ ಒಂದು ಕಡೆಯ ಪದ್ಧತಿ ಹಿಡಿದು ಬರೆಯಿರಿ. ನಾನು ಬ್ರಿಟಿಷರದ್ದು ಹಿಡಿದಿದ್ದೇನೆ, ನಮ್ಮ ಕಡೆಯ ಪೇಪರುಗಳೂ ಹೆಚ್ಚಾಗಿ ಅದೇ ಜಾಡಿನಲ್ಲಿವೆ, ಅಭ್ಯಾಸಕ್ಕೆ ಸುಲಭ.