ಕೊನೆಯ ನಳದಲ್ಲಿ ಕ್ಲೋರಿನ್ ಉಳಿಸಿದ್ದು

ಐದು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಓಣಿಯ ಕೊನೆಯ ನಳದಲ್ಲಿ 0.2 ಪಿಪಿಎಂ (ಲೀಟರಿಗೆ 0.2 ಮಿಲಿಗ್ರಾಂ) ಕ್ಲೋರಿನ್ ಉಳಿಸುವುದು ಆಗದ ಮಾತು ಎಂದೇ ಎಲ್ಲರೂ ಅಂದಿದ್ದರು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಕಾಗದದ ಮೇಲಿನ ಮಾತು, ತುಂಗಭದ್ರೆಯ ದಂಡೆಯ ಪುರಸಭೆಗೆ ಅದು ಹೊಂದುವುದಿಲ್ಲ ಎಂದು ನಕ್ಕವರೂ ಇದ್ದರು. ನಮ್ಮ ಎರಡು ವಾರ್ಡ್‌ಗಳಲ್ಲಿ ಈಗ ಒಂದು ಮಳೆಗಾಲ, ಒಂದು ಬೇಸಿಗೆ ದಾಟಿ ಅದು ನಿಂತಿದೆ. ನಕ್ಕವರೇ ಈಗ ಡ್ರಮ್ಮಿನ ಫೋಟೊ ಕೇಳುತ್ತಾರೆ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದ್ದು: ಶುದ್ಧೀಕರಣ ಘಟಕದಲ್ಲಿ ಬ್ಲೀಚಿಂಗ್ ಪುಡಿಯ ಡೋಸ್ ಏರಿಸಿದ್ದು. 2 ಪಿಪಿಎಂ ಇದ್ದದ್ದು 3 ಆಯಿತು, ಆಮೇಲೆ 4. ಘಟಕದ ಪಕ್ಕದ ಮನೆಯವರು ವಾಸನೆಗೆ ನೀರು ಚೆಲ್ಲಿದರು, ಕೊನೆಯ ಓಣಿಯಲ್ಲಿ ಮಾತ್ರ ಅದೇ ಸೊನ್ನೆ. ಹೊಲಸಿನ ರೋಗಾಣು ಇದ್ದರೆ ನೀರು ಕಪ್ಪಾಗಿ ತೋರಿಸುವ ಎಚ್‌2ಎಸ್ ಪರೀಕ್ಷೆಯ ಬಾಟಲಿ ಹತ್ತು ಇಟ್ಟರೆ ಆರೇಳು ಮರುದಿನ ಕಪ್ಪಾಗುತ್ತಿದ್ದವು. ತಿಂಗಳಿಗೆ ಏಳೆಂಟು ಸಾವಿರದ ಪುಡಿ ಹೆಚ್ಚಿಗೆ ಸುರಿದದ್ದಷ್ಟೇ ಲಾಭ.

ಇನ್ನೊಂದು ದಡ್ಡತನ, ಓವರ್‌ಹೆಡ್ ಟ್ಯಾಂಕಿನ ಬಾಯಿಂದ ಪುಡಿಯನ್ನು ನೇರ ಸುರಿಯುವುದು. ಅದು ಗಂಜಿಯಂತೆ ತಳಕ್ಕೆ ಕೂಡುತ್ತದೆ. ಮೊದಲು ವಾಲ್ವ್ ತಿರುಗಿದ ಓಣಿಗೆ ಈಜುಕೊಳದ ನೀರು, ಮುಂದಿನ ಓಣಿಗೆ ಬರೀ ನೀರು.

ಪುಡಿಯನ್ನೇ ಮೊದಲು ಅನುಮಾನಿಸಬೇಕಿತ್ತು. ಚೀಲದ ಮೇಲೆ 33 ಪರ್ಸೆಂಟ್ ಕ್ಲೋರಿನ್ ಅಂತ ಇರುತ್ತದೆ. ಪಂಪ್‌ಹೌಸಿನ ಸೆಕೆಯಲ್ಲಿ ಎರಡು ತಿಂಗಳು ಬಿದ್ದದ್ದು ನಮ್ಮಲ್ಲಿ 18-20ಕ್ಕೆ ಇಳಿದಿತ್ತು. ಲ್ಯಾಬ್ ಬೇಡ. 1 ಗ್ರಾಂ ಪುಡಿಯನ್ನು 1 ಲೀಟರ್ ಬ್ಯಾಟರಿ ನೀರಿನಲ್ಲಿ (ಆಸಿಡ್ ಅಲ್ಲ, ಡಿಸ್ಟಿಲ್ಡ್ ವಾಟರ್) ಚೆನ್ನಾಗಿ ಕಲಕಿ, ಅದರ 5 ಮಿಲಿಯನ್ನು ಇನ್ನೊಂದು ಲೀಟರ್ ಬ್ಯಾಟರಿ ನೀರಿಗೆ ಹಾಕಿ ಬಣ್ಣ ಹೋಲಿಸಿ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ಓದಿ, ಬಂದದ್ದನ್ನು ಇಪ್ಪತ್ತರಿಂದ ಗುಣಿಸಿ. 1.5 ಬಂದರೆ ಪುಡಿ 30 ಪರ್ಸೆಂಟ್. ನಳದ ನೀರು ಬಳಸಿದರೆ ಅದೇ ಒಂದಿಷ್ಟು ಕ್ಲೋರಿನ್ ತಿಂದು ಲೆಕ್ಕ ಕೆಡಿಸುತ್ತದೆ. ಈಗ 25 ಕೆಜಿಯ ಚೀಲವನ್ನು ಬಂದ ದಿನವೇ ಪರೀಕ್ಷಿಸಿ, 25 ಪರ್ಸೆಂಟಿಗಿಂತ ಕಡಿಮೆ ಇದ್ದರೆ ವಾಪಸ್. ಸರಬರಾಜುದಾರ ಎರಡು ಸಲ ಮುನಿಸಿಕೊಂಡ, ಮೂರನೆಯ ಸಲ ಹೊಸ ಮಾಲು ಕಳಿಸಿದ.

ಘಟಕದ ಡೋಸನ್ನು ವಾಪಸ್ 2ಕ್ಕೆ ಇಳಿಸಿ, ಎರಡನೆಯ ಡೋಸನ್ನು ಓವರ್‌ಹೆಡ್ ಟ್ಯಾಂಕಿನ ಒಳಹರಿವಿಗೇ ಕೊಟ್ಟೆವು. ನಮ್ಮದು 5 ಲಕ್ಷ ಲೀಟರಿನ ಟ್ಯಾಂಕು, ತುಂಬಲು ನಾಲ್ಕು ತಾಸು. 0.6 ಪಿಪಿಎಂ ಏರಿಸಲು 300 ಗ್ರಾಂ ಕ್ಲೋರಿನ್ ಬೇಕು. 28 ಪರ್ಸೆಂಟ್ ಪುಡಿಯಾದರೆ 1.1 ಕೆಜಿ ಸಾಕು, ಆದರೆ ಡ್ರಮ್ಮಿನ ತಳದ ನೀರು ಬಳಕೆಗೆ ಬಾರದ್ದರಿಂದ 1.3 ಕೆಜಿ ಹಾಕುತ್ತೇವೆ. ಬಕೆಟ್ಟಿನಲ್ಲಿ ಹಿಟ್ಟಿನಂತೆ ಕಲಸಿ, 200 ಲೀಟರ್ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು, ಮುಚ್ಚಿ, ರಾತ್ರಿಯಿಡೀ ನೆರಳಲ್ಲಿ ಬಿಡಬೇಕು. ನಲ್ಲಿ ತಳದಿಂದ ಒಂದು ಗೇಣು ಮೇಲಿರಲಿ. ತಳದ ಸುಣ್ಣ ಎಳೆದರೆ ಕಟ್ಟಿಕೊಂಡು ಹೋಗುತ್ತದೆ. ನಿಮಿಷಕ್ಕೆ ಸುಮಾರು 700 ಮಿಲಿ ಬೀಳಬೇಕು.

ಇಲ್ಲೇ ತಿಂಗಳೊಂದು ಹಾಳಾಯಿತು. ಡ್ರಮ್ಮಿನಲ್ಲಿ ನೀರು ಇಳಿದಂತೆ ಧಾರೆ ಸಣ್ಣದಾಗುತ್ತಿತ್ತು. ಆಸ್ಪತ್ರೆಯಲ್ಲಿ ಹನಿ ಬಿಡುವ ಸಲೈನ್ ಸೆಟ್ಟು ಕಟ್ಟಿ ನೋಡಿದೆವು. ಹಳ್ಳಿಯ ಸಣ್ಣ ಟ್ಯಾಂಕಿಗೆ ಅದು ಚೆಂದ, ನಮಗೆ ಹತ್ತು ಸೆಟ್ಟು ಸಾಲಿನಲ್ಲಿ ತೂಗಬೇಕಾಗುತ್ತಿತ್ತು. ಕೊನೆಗೆ ಡ್ರಮ್ಮಿಗೂ ಕೊಳವೆಗೂ ನಡುವೆ ಒಂದು ಸಣ್ಣ ಡಬ್ಬಿ, ಅದರಲ್ಲಿ ನೀರಿನ ಮಟ್ಟ ಒಂದೇ ನಿಲ್ಲಲು ಫ್ಲಶ್ ಟ್ಯಾಂಕಿನ ಪ್ಲಾಸ್ಟಿಕ್ ಬಾಲ್‌ಕಾಕ್ (ತೇಲುಗುಂಡಿನ ನಲ್ಲಿ). ಹಿತ್ತಾಳೆಯದು ಹಾಕಿದ್ದು ಮೂರು ವಾರದಲ್ಲಿ ಹಸಿರುಗಟ್ಟಿ ಸತ್ತಿತು. ಡಬ್ಬಿಯ ತಳದ ತೂತು ಎಷ್ಟಿರಬೇಕು, ಯಾವ ಮುಚ್ಚಳದಿಂದ ಮಾಡಿದೆವು ಎನ್ನುವುದು ನಮ್ಮ ಫಿಟ್ಟರ್‌ನ ಗುಟ್ಟು, ಅವನನ್ನೇ ಕೇಳಿ. ಡ್ರಮ್ಮು, ಡಬ್ಬಿ, ಪೈಪು ಎಲ್ಲ ಸೇರಿ ಮೂರು ಸಾವಿರದೊಳಗೆ. ಇದೇ ಕೆಲಸಕ್ಕೆ ಬಂದ ಡೋಸಿಂಗ್ ಪಂಪಿನ ಕೊಟೇಶನ್ ಇದರ ಇಪ್ಪತ್ತು ಪಟ್ಟು.

ಇಷ್ಟಾದರೂ ಕೊನೆಯ ಓಣಿ ಬಗ್ಗಲಿಲ್ಲ. ಟ್ಯಾಂಕಿನಲ್ಲಿ 0.8, ಓಣಿಯ ಬಾಯಲ್ಲಿ 0.6, ಕೊನೆಯ ನಳದಲ್ಲಿ ಮತ್ತೆ ಸೊನ್ನೆ. ಕಾರಣ ಚರಂಡಿಯೊಳಗೆ ಹಾಯ್ದ ಹಳೆಯ ಜಿಐ (ಸತು ಲೇಪದ ಕಬ್ಬಿಣ) ಕೊಳವೆಯ ಮನೆ ಸಂಪರ್ಕಗಳು. ನೀರು ನಿಂತ ಕೂಡಲೇ ಕೊಳವೆ ಖಾಲಿಯಾಗಿ ತೂತುಗಳಿಂದ ಚರಂಡಿಯ ಹೊಲಸನ್ನು ಒಳಗೆ ಎಳೆಯುತ್ತದೆ. ಆಗ ಎತ್ತರದ ಮನೆಯ ನಳದ ಬಾಯಿಗೆ ಅಂಗೈ ಇಟ್ಟರೆ ಎಳೆತ ಗೊತ್ತಾಗುತ್ತದೆ. ಮೇಲಿಂದ ನೀರು ಎಳೆಯಲು ನಳಕ್ಕೇ ಅರ್ಧ ಎಚ್‌ಪಿ ಮೋಟಾರ್ ನೇರ ಕಟ್ಟಿದವರು ಬೇರೆ. ಹುಬ್ಬಳ್ಳಿ-ಧಾರವಾಡದಲ್ಲಿ 24 ತಾಸಿನ ವಾರ್ಡುಗಳನ್ನೂ ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳನ್ನೂ ಹೋಲಿಸಿ ನೋಡಿದಾಗಲೂ ಕೊಳವೆ ಖಾಲಿ ಬೀಳುವ ಕಡೆಯೇ ಹೊಲಸು ಹೆಚ್ಚು ಸಿಕ್ಕಿತ್ತು.

ತೂತು ಹುಡುಕಲು ರಸ್ತೆ ಅಗೆಯಬೇಡಿ. ವಾಲ್ವ್ ತಿರುಗಿಸಿದ ಮೊದಲ ಐದು ನಿಮಿಷ ಚರಂಡಿಯನ್ನೇ ನೋಡುತ್ತ ನಡೆಯಿರಿ. ಕೊಳವೆಯ ಗಾಳಿ ಮೊದಲು ಹೊರಬೀಳುತ್ತದೆ, ತೂತು ಇದ್ದಲ್ಲಿ ಗುಳ್ಳೆ ಏಳುತ್ತದೆ. ಸುಣ್ಣದಿಂದ ಗೋಡೆಗೆ ಗುರುತು ಹಾಕಿ ಮುಂದೆ ಹೋಗಿ. ಒತ್ತಡ ಏರಿದ ಮೇಲೆ ಏನೂ ಕಾಣುವುದಿಲ್ಲ. ನಲವತ್ತು ಮನೆಯ ಓಣಿಯಲ್ಲಿ ಹದಿನಾಲ್ಕು ಸಂಪರ್ಕ ಚರಂಡಿಯಲ್ಲಿದ್ದವು, ಗುಳ್ಳೆ ಎದ್ದದ್ದು ಒಂಬತ್ತರಲ್ಲಿ. ಅವಕ್ಕೆ ಹೊಸ ಸ್ಯಾಡಲ್ (ಮುಖ್ಯ ಕೊಳವೆಗೆ ಬಿಗಿಯುವ ಪಟ್ಟಿ), ಫೆರೂಲ್ (ಅಲ್ಲಿಂದ ಮನೆಗೆ ನೀರು ತೆಗೆಯುವ ಜೋಡಣೆ), ನೀಲಿ ಎಂಡಿಪಿಇ ಪ್ಲಾಸ್ಟಿಕ್ಕಿನ 20 ಎಂಎಂ ಪೈಪು, ಅದನ್ನು ಚರಂಡಿಯ ಮೇಲೆ ದಾಟಿಸಿ 50 ಎಂಎಂ ಪಿವಿಸಿ ಹೊರಕೊಳವೆ. ಮನೆಗೆ ಎರಡು ಸಾವಿರದ ಆಸುಪಾಸು, ಅದರಲ್ಲಿ ಅರ್ಧ ಕಾಂಕ್ರೀಟ್ ಕತ್ತರಿಸಿ ಮುಚ್ಚುವುದಕ್ಕೇ. ಮಾಲೀಕರು ಆ ದುಡ್ಡು ಹೇಗೆ ಕೊಟ್ಟರು ಎನ್ನುವುದು ಇನ್ನೊಂದು ಗುಟ್ಟು.

ಜೊತೆಗೆ ಓಣಿಯ ತುದಿಗೆ ಒಂದು ವಾಶೌಟ್ (ಕೊಳವೆ ತೊಳೆದ ನೀರು ಹೊರಬಿಡುವ ವಾಲ್ವ್); ಮೊದಲ ಹತ್ತು ನಿಮಿಷದ ನೀರು ಅಲ್ಲಿಂದ ಚರಂಡಿಗೆ. ನೀರಿಲ್ಲದ ಊರಲ್ಲಿ ನೀರು ಚೆಲ್ಲುತ್ತೀರಾ ಎಂದು ಬೈಗುಳ ಬಿತ್ತು. ಮೊದಲ ನಿಮಿಷದ್ದೊಂದು, ಹನ್ನೆರಡನೆಯ ನಿಮಿಷದ್ದೊಂದು ಬಾಟಲಿ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ನಿಂತಿತು.

ನಡುವೆ ನುಗ್ಗೆಬೀಜದ ಪ್ರಯೋಗವೂ ಆಯಿತು, ಜುಲೈನ ಕೆಂಪು ನೀರು ತಿಳಿಯಾಗಿಸಲು ಹಾಕುವ ಆಲಂ (ಪಟಿಕ) ಉಳಿಸಲು. ಜಾರಿನಲ್ಲಿ ತಿಳಿಯಾಯಿತು, ಮರುದಿನ ನಾತ ಹೊಡೆಯಿತು, ಕ್ಲೋರಿನ್ನನ್ನೂ ತಿಂದಿತು. ಕೈಬಿಟ್ಟೆವು.

ಈಗ ಕೊನೆಯ ನಳದಲ್ಲಿ 0.2ರಿಂದ 0.3. ಕ್ಲೋರಿನ್ ಅಳೆಯಲು ಓಟಿ (ಆರ್ಥೋಟೊಲಿಡಿನ್) ದ್ರಾವಣ ಬಿಟ್ಟು ಡಿಪಿಡಿ ಎಂಬ ಬಣ್ಣದ ಮಾತ್ರೆಗೆ ಬಂದಿದ್ದೇವೆ. ಓಟಿ ವಿಷ, ಜತೆಗೆ ಅದರ ಹಳದಿಯನ್ನು ಆ ಕ್ಷಣವೇ ಓದದೆ ಮಾತಾಡುತ್ತ ನಿಂತರೆ ಬೇರೆ ವಸ್ತುವಿನ ಜೊತೆ ಕೂಡಿ ಶಕ್ತಿ ಕುಂದಿದ ಕ್ಲೋರಿನ್ನೂ ಬಣ್ಣ ಕೊಟ್ಟು ಸುಳ್ಳು ಹೇಳುತ್ತದೆ. ಮೂರನೆಯ ವಾರ್ಡಿಗೆ ಡ್ರಮ್ಮು ಬಂದಿದೆ, ಸ್ಯಾಡಲ್‌ಗಳು ಇನ್ನೂ ಬಂದಿಲ್ಲ. ಅಲ್ಲಿ ಬಾಟಲಿ ಇನ್ನೂ ಕಪ್ಪಾಗುತ್ತಿವೆ.