ಗೂಟದ ದೀಪ ಯಾವ ಕಾಲದ್ದು? ಬುಡ ನೋಡಿ ಹೇಳಿ

ಕಾಫಿ ತೋಟಗಳ ಹಳೆಯ ಶೆಡ್ಡುಗಳಲ್ಲಿ, ಕುಶಾಲನಗರ, ಗೋಣಿಕೊಪ್ಪಲಿನ ಗುಜರಿ ಅಂಗಡಿಗಳಲ್ಲಿ ಜೀಪಿನ ಬಿಡಿಭಾಗಗಳ ನಡುವೆ ಒಮ್ಮೊಮ್ಮೆ ಪೊಲೀಸ್ ವಾಹನದ್ದೆನ್ನಲಾದ ಹಳೆಯ ತಿರುಗುವ ದೀಪವೊಂದು ಕೈಗೆ ಸಿಗುತ್ತದೆ. ಸಿಕ್ಕವರ ಕಣ್ಣು ಮೊದಲು ಹೋಗುವುದು ಬಣ್ಣದ ಮುಚ್ಚಳದ ಮೇಲೆ. ಆದರೆ ಬೇಗ ಒಡೆಯುವುದೂ, ಸುಲಭವಾಗಿ ಬದಲಾಗುವುದೂ ಅದೇ ಆದ್ದರಿಂದ ಅದನ್ನು ಕೊನೆಗೆ ನೋಡಬೇಕು.

ಮೊದಲು ದೀಪವನ್ನು ಬೋರಲು ಹಾಕಿ. ಕೊಡಗಿನ ಮಳೆಗಾಲದ ತೇವಕ್ಕೆ ಕಬ್ಬಿಣದ ಬುಡ ತುಕ್ಕು ಹಿಡಿದಿರುತ್ತದೆ, ಹಿತ್ತಾಳೆಯ ಭಾಗಕ್ಕೆ ಕಿಲುಬು ಕಟ್ಟಿರುತ್ತದೆ. ದಯವಿಟ್ಟು ಮರಳು ಕಾಗದದಿಂದ ಉಜ್ಜಬೇಡಿ. ಕಂಪನಿಯ ಹೆಸರು, ಮಾದರಿ ಸಂಖ್ಯೆಗಳು ಒಮ್ಮೆ ಸವೆದುಹೋದರೆ ದೀಪದ ಚರಿತ್ರೆಯೇ ಹೋದಂತೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್ ಮತ್ತು ತೆಳು ಸೋಪಿನ ನೀರು ಸಾಕು. ಫೆಡರಲ್ ಸಿಗ್ನಲ್ ಎಂದಿದ್ದರೆ ಅದು ಅಮೆರಿಕದ ಕಂಪನಿ, ಬಾಷ್ ಅಥವಾ ಹೆಲ್ಲಾ ಎಂದಿದ್ದರೆ ಜರ್ಮನಿಯದು, ಲೂಕಾಸ್ ಬ್ರಿಟನ್ನಿನದು. ವೃತ್ತದೊಳಗೆ ಇಂಗ್ಲಿಷಿನ ‘E’ ಅಕ್ಷರ ಮತ್ತು ಅಂಕಿ ಇದ್ದರೆ, ಆ ಗುರುತಿನ ಪದ್ಧತಿ ವಾಹನಗಳ ಬಿಡಿಭಾಗಗಳಿಗೆ ಒಪ್ಪಿಗೆ ಕೊಡುವ ಕುರಿತ 1958ರ ಜಿನೀವಾ ಒಪ್ಪಂದದಿಂದ ಬಂದದ್ದಾದ್ದರಿಂದ, ದೀಪ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಅಂಕಿ 1 ಜರ್ಮನಿಯನ್ನೂ 11 ಬ್ರಿಟನ್ನನ್ನೂ ಸೂಚಿಸುತ್ತದೆ. ಆದರೆ ಅದು ಒಪ್ಪಿಗೆ ಕೊಟ್ಟ ದೇಶವೇ ಹೊರತು ತಯಾರಾದ ದೇಶವೇ ಆಗಬೇಕೆಂದಿಲ್ಲ.

ಆಮೇಲೆ ಮುಚ್ಚಳ ಬಿಚ್ಚಿ ಒಳಗೆ ನೋಡಿ. ಬಲ್ಬು ನಿಂತಲ್ಲೇ ಇದ್ದು ಕನ್ನಡಿ ಸುತ್ತುತ್ತದೆಯೇ, ಅಥವಾ ಬಲ್ಬುಗಳೇ ಸುತ್ತುತ್ತವೆಯೇ ಎಂಬುದನ್ನು ಗಮನಿಸಿ. ಅಮೆರಿಕದ ದೀಪಗಳಲ್ಲಿ ಕಾಣುವ ಪಾರ್-36 ಸೀಲ್ಡ್ ಬೀಮ್‌ನ (ಫಿಲಮೆಂಟ್, ಕನ್ನಡಿ, ಮುಂದಿನ ಗಾಜು ಎಲ್ಲವೂ ಒಂದೇ ಆಗಿ ಮುಚ್ಚಿದ ಬಲ್ಬು) ಹೆಸರಿನಲ್ಲೇ ಅದರ ಅಳತೆ ಇದೆ: ಇಂಚಿನ ಎಂಟನೆಯ ಒಂದು ಭಾಗದ 36 ಪಟ್ಟು, ಅಂದರೆ ನಾಲ್ಕೂವರೆ ಇಂಚು ವ್ಯಾಸ. ಬಲ್ಬಿನ ಮೇಲೂ ಮೋಟಾರಿನ ಮೇಲೂ ವೋಲ್ಟ್ ಎಷ್ಟೆಂದು ಓದಿ. ಅಮೆರಿಕದ ಕಾರುಗಳು 6 ವೋಲ್ಟಿನಿಂದ 12ಕ್ಕೆ ಬಂದದ್ದು 1950ರ ದಶಕದ ಮಧ್ಯದಲ್ಲಿ. ಬಲ್ಬು ಬದಲಾಗಿರಬಹುದಾದ್ದರಿಂದ ಮೋಟಾರಿನ ಮಾತನ್ನೇ ಹೆಚ್ಚು ನಂಬಬೇಕು. ಬಲ್ಬಿನ ಬದಲು ಸುರುಳಿಯಾಕಾರದ ಗಾಜಿನ ಕೊಳವೆ ಇದ್ದರೆ ಅದು ಝೆನಾನ್ ಸ್ಟ್ರೋಬ್, ಅಂದರೆ ಝೆನಾನ್ ಅನಿಲ ತುಂಬಿದ, ಮಿಂಚಿನಂತೆ ಮಿನುಗುವ ದೀಪ. ತಂತಿ ಕಿತ್ತ ಮೇಲೂ ವಿದ್ಯುತ್ ಕೂಡಿಡುವ ಅದರ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಬಲ್ಲ ಎಲೆಕ್ಟ್ರಿಷಿಯನ್ ಇಲ್ಲದೆ ಒಳಗೆ ಕೈ ಹಾಕಬೇಡಿ.

ಈಗ ಮುಚ್ಚಳ. ಗಾಜಾದರೆ ಭಾರವಾಗಿ, ಮುಟ್ಟಿದರೆ ತಣ್ಣಗಿರುತ್ತದೆ. ಪ್ಲಾಸ್ಟಿಕ್ಕಾದರೆ ಥಿನ್ನರ್, ಪೆಟ್ರೋಲ್ ತಾಗಿಸಬೇಡಿ, ಬಿರುಕು ಬಿಡುತ್ತದೆ. ಕೆಂಪು ಬಣ್ಣ ಕಂಡೊಡನೆ ಪೊಲೀಸ್ ದೀಪವೆಂದು ತೀರ್ಮಾನಿಸುವಂತಿಲ್ಲ. ನಮ್ಮಲ್ಲಿ ಮಂತ್ರಿಗಳ, ಹಿರಿಯ ಅಧಿಕಾರಿಗಳ ಕಾರಿನ ಮೇಲೂ 2017ರ ಮೇ 1ರವರೆಗೆ ಕೆಂಪು ಗೂಟವಿತ್ತು. ಸುಂಟಿಕೊಪ್ಪದ ಬಳಿಯ ತೋಟವೊಂದರಲ್ಲಿ ನಾನು ನೋಡಿದ ದೀಪದ ಮುಚ್ಚಳ ಅಚ್ಚ ನೀಲಿ. ಬಿಚ್ಚಿದಾಗ, ಗಟ್ಟಿಯಾಗಿ ಹೋಗಿದ್ದ ರಬ್ಬರ್ ಉಂಗುರದ ಸಂದಿಯಲ್ಲಿ ಉಗುರಿನಷ್ಟು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿತ್ತು. ನೀಲಿಗಿಂತ ಮೊದಲು ಅಲ್ಲಿ ಬೇರೊಂದು ಮುಚ್ಚಳವಿತ್ತೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಇಂಥ ಚೂರುಗಳನ್ನು ಎಸೆಯದೆ, ದೀಪ ಯಾವ ಶೆಡ್ಡಿನಲ್ಲಿ, ಯಾವ ವಾಹನದ ಜೊತೆ ಸಿಕ್ಕಿತೆಂದು ಬರೆದ ಚೀಟಿಯೊಂದಿಗೆ ಲಕೋಟೆಯಲ್ಲಿ ಹಾಕಿ ಬುಡಕ್ಕೆ ಕಟ್ಟಿಡಿ.